ಚಟ್ನಿಪುಡಿ ಡಬ್ಬಿಯ ಕೆಳಗಿರುವ ಪುಸ್ತಕಗಳು

ಪುಟ್ಟೀ,

ನೀನು ಕೇಳಿದ ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ. ಡಬ್ಬಿಯ ಕೆಳಗೆ ಮೂರು ಪುಸ್ತಕ ಇವೆ, ಮುಖ ಸಿಂಡರಿಸಬೇಡ.

ದಪ್ಪಗಿರೋದು ತ.ರಾ.ಸು. ಅವರ 'ದುರ್ಗಾಸ್ತಮಾನ'. ಹೋದ ಸಲ ಬಂದಾಗ "ಕೋಟೆ ಹೋಗುತ್ತೆ ಅಂತ ಹೆಸರಲ್ಲೇ ಇದೆಯಲ್ಲಮ್ಮ, ಮತ್ಯಾಕೆ ಓದಬೇಕು" ಅಂದಿದ್ದೆ. ಹೌದು, 1779ರಲ್ಲಿ ದುರ್ಗ ಹೈದರಾಲಿ ಕೈಗೆ ಹೋಯಿತು, ಮದಕರಿ ನಾಯಕ ಸೋತ, ಅದು ಇಲ್ಲಿ ಮಂಡಕ್ಕಿ ಮಾರುವವನಿಗೂ ಗೊತ್ತು. ಆದರೂ ಓದುತ್ತಾ ಓದುತ್ತಾ ಈ ಸಲ ಗೆದ್ದುಬಿಡ್ತಾನೇನೋ ಅನ್ನಿಸುತ್ತೆ, ನೋಡು. ಮೊದಲ ಸಲ ಯುದ್ಧದ ಪುಟಗಳನ್ನೆಲ್ಲ ಹಾರಿಸಿದ್ದೆ, ಸುಳ್ಳು ಹೇಳಲ್ಲ. ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು ತೀರಿಕೊಂಡ ಮೇಲೆ.

ತೇಜಸ್ವಿಯವರ 'ಕರ್ವಾಲೋ' ಬಸ್ಸಲ್ಲಿ ಓದು, ನಗು ಬಂದರೆ ಪಕ್ಕದವರು ನೋಡಿಕೊಳ್ಳಲಿ.

ಸಣ್ಣದು ದೇವನೂರ ಮಹಾದೇವ ಅವರ 'ಒಡಲಾಳ'. ಕಳೆದುಹೋದ ಹುಂಜವನ್ನು ಸಾಕವ್ವ ಹುಡುಕುತ್ತಾಳೆ. ನಂಜನಗೂಡು ಕಡೆಯ ಮಾತು, ನಾಲ್ಕು ಪುಟ ಗಟ್ಟಿಯಾಗಿ ಓದಿದರೆ ಆಮೇಲೆ ತಾನೇ ಸಲೀಸಾಗುತ್ತೆ. ಅದರಲ್ಲಿ ಒಂದು ರಾತ್ರಿ ಮನೆಯವರೆಲ್ಲ ಕದ್ದು ತಂದ ಕಡಲೆಕಾಯಿಯ ಸುತ್ತ ಕೂತು ತಿನ್ನುತ್ತಾರೆ. ನಾವು ಶೇಂಗಾ ಅಂತೀವಲ್ಲ, ಅದೇ. ಚಳ್ಳಕೆರೆ ಕಡೆ ನಮ್ಮ ಹೊಲದಲ್ಲಿ ಶೇಂಗಾ ಕಿತ್ತ ದಿನ, ಸಂಜೆ ಮನೆಗೆ ಹೊರಟ ಹೆಣ್ಣಾಳುಗಳನ್ನು ನಮ್ಮಜ್ಜ ಬದುವಿನ ಹತ್ತಿರ ನಿಲ್ಲಿಸಿ ಮಡಿಲು ಕೊಡವಿ ಅನ್ನುತ್ತಿದ್ದರು. ಒಂದು ಸಲ ಒಬ್ಬಳು ಕೊಡವಿದಾಗ ಎಂಟೋ ಹತ್ತೋ ಕಾಯಿ ಬಿದ್ದವು, ಇನ್ನೂ ಮಣ್ಣು ಮೆತ್ತಿಕೊಂಡಿದ್ದವು. ಅವನ್ನು ಆರಿಸಿ ಚೀಲಕ್ಕೆ ಹಾಕಿದ್ದು ನಾನೇ, ಏಳು ವರ್ಷದವಳು. ಅಜ್ಜ ಶಭಾಷ್ ಅಂದರು. ಆ ಪುಟಗಳಲ್ಲಿ ನಗು ಬರುತ್ತೆ, ಆ ಮನೆಯ ಖುಷಿನೇ ಹಾಗಿದೆ. ನಾನು ಮಾತ್ರ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ಹೆಂಗಸಿನ ಮುಖ ನೆನಪಿಲ್ಲ, ಸೆರಗು ಕೊಡವಿದ ಕೈ ನೆನಪಿದೆ.

ದೇವನೂರರದೇ 'ಕುಸುಮಬಾಲೆ'ನೂ ಕಳಿಸು ಅಂತ ಕೇಳಬೇಡ. ಮೂರು ಸಲ ಶುರು ಮಾಡಿ ಮೂರು ಸಲವೂ ಬಿಟ್ಟಿದ್ದೇನೆ, ತಪ್ಪು ನನ್ನದೇ ಇರಬಹುದು.

ಬಾನು ಮುಷ್ತಾಕ್ ಅವರ ಕತೆಗಳನ್ನೂ ಓದಿದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು ಅಂತ ಎಲ್ಲರೂ ಓದುತ್ತಿದ್ದರಲ್ಲ, ಅದಕ್ಕೇ. 'ಎದೆಯ ಹಣತೆ' ಅನ್ನೋ ಕತೆಯಲ್ಲಿ ಗಂಡನೂ ತವರಿನವರೂ ಕೈಬಿಟ್ಟ ತಾಯಿ ಸೀಮೆಎಣ್ಣೆ ಸುರಿದುಕೊಂಡು ನಿಂತಿರುತ್ತಾಳೆ, ಅವಳನ್ನು ತಡೆಯೋದು ಮಗಳು. ಆ ಪುಸ್ತಕ ಪಾರ್ಸಲ್ಲಿನಲ್ಲಿ ಇಲ್ಲ, ಬೇಕಂತಲೇ ತೆಗೆದಿಟ್ಟೆ. ದೀಪಾವಳಿಗೆ ಬಂದಾಗ ಇಲ್ಲೇ ಕೂತು ಓದು. ನಾನು ಅಡುಗೆಮನೆಯಲ್ಲೇ ಇರುತ್ತೇನೆ.

ನಿನ್ನ ಅಮ್ಮ
ಚಿತ್ರದುರ್ಗ