ಕಡಲ ಮೀನಿನ ಬಿಳಿ ಚುಕ್ಕೆಗೆ ಕಲ್ಲುಪ್ಪು ಮದ್ದಲ್ಲ

ಮಾನ್ಯ ಸಂಪಾದಕರೇ,

ಅಲಂಕಾರಿಕ ಮೀನು ಸಾಕಣೆ ಕುರಿತು ತಮ್ಮ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನದಲ್ಲಿ, ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡರೆ ನೀರಿನ ಉಷ್ಣಾಂಶವನ್ನು 30 ಡಿಗ್ರಿಗೆ ಏರಿಸಿ ಒಂದಿಷ್ಟು ಕಲ್ಲುಪ್ಪು ಹಾಕಬೇಕೆಂಬ ಸಲಹೆ ಇತ್ತು. ಸಿಹಿನೀರಿನ ಗಪ್ಪಿ, ಮೋಲಿಗಳ ಮಟ್ಟಿಗೆ ಈ ಮಾತಿಗೆ ಆಧಾರವಿದೆ. ಕ್ಲೌನ್ ಮೀನು, ಟ್ಯಾಂಗ್ ಮೊದಲಾದ ಕಡಲ ಮೀನುಗಳಿಗೂ ಇದನ್ನೇ ಅನ್ವಯಿಸಿರುವುದರಿಂದ ಈ ಪತ್ರ ಬರೆಯಬೇಕಾಯಿತು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಮೊದಲೇ ಇರುವ ನೀರಿಗೆ ಇನ್ನೊಂದು ಹಿಡಿ ಉಪ್ಪು ಸುರಿದು ಯಾವ ಪರಾವಲಂಬಿಯನ್ನು ಹೆದರಿಸಲು ಸಾಧ್ಯ?

ಸಿಹಿನೀರಿನಲ್ಲಿ ಬಿಳಿ ಚುಕ್ಕೆ ತರುವುದು ಇಕ್ತಿಯೊಫ್ತಿರಿಯಸ್ ಎಂಬ ಏಕಕೋಶ ಜೀವಿ; ಕಡಲ ನೀರಿನಲ್ಲಿ ಅದೇ ಬಗೆಯ ಚುಕ್ಕೆ ತರುವ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಬೇರೆಯೇ ಜೀವಿ. ಇದು ಮೀನಿನ ಚರ್ಮ ಮತ್ತು ಕಿವಿರುಗಳ ಹೊರಪದರದ ಒಳಗೆ ಹುದುಗಿ ಮೂರರಿಂದ ಏಳು ದಿನ ತಿಂದು ಬೆಳೆಯುತ್ತದೆ. ಆ ಅವಧಿಯಲ್ಲಿ ನೀರಿಗೆ ಹಾಕಿದ ಔಷಧ ಅದನ್ನು ಮುಟ್ಟುವುದೇ ಇಲ್ಲ. ಆಮೇಲೆ ಮೀನನ್ನು ಬಿಟ್ಟು ಮರಳಿಗೋ ಕಲ್ಲಿಗೋ ಅಂಟಿಕೊಂಡು, ಗಟ್ಟಿ ಕವಚದೊಳಗೆ ವಿಭಜನೆಗೊಂಡು, ನೂರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಚುಕ್ಕೆ ಮಾಯವಾದ ದಿನ ಮೀನು ಗುಣವಾಯಿತೆಂದು ಸಾಕುವವರು ನಂಬುತ್ತಾರೆ, ಹಾಕಿದ ಔಷಧಕ್ಕೆ ಕೀರ್ತಿ ಸಲ್ಲುತ್ತದೆ; ಒಂದೆರಡು ವಾರದಲ್ಲಿ ಮೊದಲಿಗಿಂತ ಹೆಚ್ಚು ಚುಕ್ಕೆಗಳು ಮರಳಿ ಬರುತ್ತವೆ. ಕವಚದೊಳಗಿಂದ ಮರಿಗಳು ಹೊರಬರಲು 72 ದಿನಗಳವರೆಗೂ ಹಿಡಿದದ್ದು ದಾಖಲಾಗಿರುವುದರಿಂದಲೇ, ಮುಖ್ಯ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಖಾಲಿ ಬಿಡಬೇಕೆಂದು ಅನುಭವಿಗಳು ಹೇಳುವುದು.

ಚುಕ್ಕೆಗಳೆಲ್ಲವೂ ಇದೇ ರೋಗದವು ಎಂದುಕೊಳ್ಳುವುದು ಇನ್ನೂ ಅಪಾಯ. ಕ್ರಿಪ್ಟೊಕ್ಯಾರಿಯಾನ್‌ನ ಚುಕ್ಕೆಗಳು ಚಿರೋಟಿ ರವೆ ಅಂಟಿದಂತೆ ಬಿಡಿಬಿಡಿಯಾಗಿ ಕಾಣುತ್ತವೆ, ಮನಸ್ಸು ಮಾಡಿದರೆ ಎಣಿಸಬಹುದು. ಅಮೈಲೊಊಡಿನಿಯಂ, ಅಂದರೆ ಹವ್ಯಾಸಿಗಳು ವೆಲ್ವೆಟ್ ಎಂದು ಕರೆಯುವ ರೋಗದಲ್ಲಿ, ಎಣಿಕೆಗೆ ಸಿಗದಷ್ಟು ನವಿರಾದ, ಹಳದಿ ಮಿಶ್ರಿತ ಧೂಳು ಮೈಮೇಲೆ ಕಾಣುತ್ತದೆ. ಕೋಣೆಯ ದೀಪ ಆರಿಸಿ ಪಕ್ಕದಿಂದ ಟಾರ್ಚ್ ಹಾಯಿಸಿ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಅನೇಕ ಸಲ ಧೂಳು ಕಾಣುವ ಮೊದಲೇ ರೋಗ ಕಿವಿರಿಗೆ ಇಳಿದಿರುತ್ತದೆ: ಮೀನು ಬೆಳಕಿಗೆ ಬಾರದೆ, ಆಹಾರ ಮುಟ್ಟದೆ, ಪಂಪಿನ ಸೆಳೆತಕ್ಕೆ ಮುಖವೊಡ್ಡಿ ಏದುಸಿರು ಬಿಡುತ್ತಿರುತ್ತದೆ. ಹೀಗೆ ಕಂಡಾಗ ನಾಳೆ ನೋಡೋಣ ಎನ್ನುವಂತಿಲ್ಲ. ಎರಡು ಮೂರು ದಿನಗಳಲ್ಲಿ ತೊಟ್ಟಿಯೇ ಬರಿದಾದೀತು. ನೀರನ್ನು ಬಿಸಿ ಮಾಡಿದರೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗಿ, ಮೊದಲೇ ಉಸಿರಾಡಲು ಒದ್ದಾಡುತ್ತಿರುವ ಮೀನು ಇನ್ನೂ ಬೇಗ ಸಾಯುತ್ತದೆ.

ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಪದರಪದರವಾಗಿ ಕಳಚುತ್ತಿದ್ದರೆ ಅದು ಬ್ರೂಕ್ಲಿನೆಲ್ಲ ಎಂಬ ಇನ್ನೊಂದು ಏಕಕೋಶ ಪರಾವಲಂಬಿಯ ಕಾಟ. ಅದಕ್ಕೆ ಬಿಳಿ ಚುಕ್ಕೆಗೆ ಬಳಸುವ ತಾಮ್ರ ನಾಟುವುದಿಲ್ಲ, ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ದ್ರಾವಣ) ಬೇಕು. ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದು, ಕಣ್ಣು ಮಸುಕಾಗಿದ್ದು, ಚುಕ್ಕೆ ಮಾತ್ರ ಇಲ್ಲವೆಂದರೆ ಚಪ್ಪಟೆ ಹುಳುಗಳ ಅನುಮಾನ ಪಡಬೇಕು. ತೊಟ್ಟಿಯದೇ ಉಷ್ಣಾಂಶ ಹಾಗೂ ಪಿಎಚ್‌ಗೆ ಹೊಂದಿಸಿದ, ಕ್ಲೋರಿನ್ ಇಲ್ಲದ ಸಿಹಿನೀರಿನಲ್ಲಿ ಮೀನನ್ನು ಐದು ನಿಮಿಷ ಇರಿಸಿದರೆ, ಅಲ್ಲಿಯವರೆಗೆ ಪಾರದರ್ಶಕವಾಗಿದ್ದ ಹುಳುಗಳು ಬಿಳಿಚಿ ಪಾತ್ರೆಯ ತಳಕ್ಕೆ ಉದುರುತ್ತವೆ. ಇವಕ್ಕೆ ಔಷಧ ಪ್ರಾಜಿಕ್ವಾಂಟೆಲ್.

ಬಿಳಿ ಚುಕ್ಕೆ ಮತ್ತು ವೆಲ್ವೆಟ್ ಎರಡಕ್ಕೂ ಇಂದಿಗೂ ನೆಚ್ಚಬಹುದಾದ ಮದ್ದು ತಾಮ್ರ. ಆದರೆ ಹವಳ, ಸೀಗಡಿ, ಶಂಖದ ಹುಳುಗಳಿಗೆ ಅದು ವಿಷ. ಹವಳದ ಮರಳು ಮತ್ತು ಕಲ್ಲು ಅದನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ಚಿಕಿತ್ಸೆ ನಡೆಯಬೇಕಾದುದು ಬೇರೆ ತೊಟ್ಟಿಯಲ್ಲಿ: ಬರಿಯ ಗಾಜು, ಅಡಗಲು ಪಿವಿಸಿ ಪೈಪಿನ ತುಂಡು, ಹೀಟರ್, ಮೊದಲೇ ಹಣ್ಣಾದ, ಅಂದರೆ ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ನೆಲೆಸಿದ ಸ್ಪಂಜ್ ಫಿಲ್ಟರ್ ಇದ್ದರೆ ಸಾಕು. ತಾಮ್ರದ ಸಲ್ಫೇಟ್ ಬಳಸುವುದಾದರೆ ಕರಗಿದ ತಾಮ್ರ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ನಡುವೆ ಮೂರು ನಾಲ್ಕು ವಾರ ಇಳಿಯದಂತೆ ಪರೀಕ್ಷಾ ಕಿಟ್‌ನಿಂದ ದಿನವೂ ಅಳೆಯಬೇಕು. ಕೀಲೇಟೆಡ್ ತಾಮ್ರದ (ಬೇರೆ ರಾಸಾಯನಿಕದೊಂದಿಗೆ ಬಂಧಿಸಿದ ತಾಮ್ರದ) ಪ್ರಮಾಣ ಬೇರೆ, ಬಾಟಲಿಯ ಸೂಚನೆಯನ್ನೇ ಅನುಸರಿಸಬೇಕು. ವೆಲ್ವೆಟ್ ಅಲ್ಲವೆಂದು ಖಚಿತವಾಗಿದ್ದರೆ, ಉಪ್ಪಿನಂಶವನ್ನು ನಿಧಾನವಾಗಿ ಲೀಟರಿಗೆ 15 ಗ್ರಾಂ ಆಸುಪಾಸಿಗೆ ತಂದು ಕೆಲವು ವಾರ ಕಾಯುವುದೂ ಒಂದು ದಾರಿ. ಅಂದರೆ ಉಪ್ಪು ಇಳಿಸಬೇಕೇ ಹೊರತು ಏರಿಸುವುದಲ್ಲ. ಲೇಖನದ ಸಲಹೆ ತಲೆಕೆಳಗಾಗಿದೆ.

ಬೆಂಗಳೂರಿನ ಅಂಗಡಿಗಳಲ್ಲಿ ಕೇಳಿದರೆ ಮಲಕೈಟ್ ಗ್ರೀನ್ ಇರುವ ಸಿಹಿನೀರಿನ ಔಷಧವನ್ನೇ ಕೊಡುವುದು, ಇಲ್ಲವೇ ಬೆಳ್ಳುಳ್ಳಿ ರಸ ತಿನ್ನಿಸಿ ಎನ್ನುವುದು ಇಂದಿಗೂ ನಡೆದಿದೆ. ವ್ಯಾಪಾರಿಗಳನ್ನಷ್ಟೇ ದೂರಿ ಫಲವಿಲ್ಲ, ಅವರಿಗೂ ಕನ್ನಡದಲ್ಲಿ ತಿಳಿಸಿ ಹೇಳುವವರು ಬೇಕು. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ಮೀನಿನ ರೋಗ ಬಲ್ಲ ತಜ್ಞರಿದ್ದಾರೆ. ಅವರ ನೆರವಿನಿಂದ ಮೀನುಗಾರಿಕೆ ಇಲಾಖೆಯು ಈ ರೋಗಗಳ ಚಿತ್ರಸಹಿತ ಕೈಪಿಡಿಯೊಂದನ್ನು ಕನ್ನಡದಲ್ಲಿ ಹೊರತಂದು ಪ್ರತಿ ಅಕ್ವೇರಿಯಂ ಅಂಗಡಿಗೂ ತಲುಪಿಸಲಿ. ಸತ್ತ ಮೀನಿನ ಕಿವಿರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವ ವ್ಯವಸ್ಥೆಯನ್ನು, ಶುಲ್ಕ ಪಡೆದಾದರೂ ಸರಿ, ಬೆಂಗಳೂರಿನಲ್ಲಿ ಒಂದು ಕಡೆ ಒದಗಿಸಲಿ. ತಾವೂ ಸದರಿ ಲೇಖನಕ್ಕೆ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಬೆಂಗಳೂರು