ಧ್ವಜ ದಿನದ ನೆಪದಲ್ಲಿ ಪೋಷಕರೊಂದಿಗೆ ನಾಲ್ಕು ಮಾತು

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ಆಚರಣೆಯಲ್ಲಿದೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಧ್ವಜವನ್ನು ಮಕ್ಕಳು ಅಂಗಿಗೆ ಚುಚ್ಚಿಕೊಂಡು ಮನೆಗೆ ಬರುವುದನ್ನು ನೀವು ನೋಡಿದ್ದೀರಿ. ಆ ಮೂರು ಬಣ್ಣ ಭೂಸೇನೆ, ನೌಕಾಪಡೆ, ವಾಯುಪಡೆಗಳದ್ದು. ಅಂದು ಕೂಡುವ ಹಣ ಹುತಾತ್ಮರ ಕುಟುಂಬಗಳಿಗೆ, ಅಂಗವಿಕಲರಾದ ಯೋಧರಿಗೆ, ಮಾಜಿ ಸೈನಿಕರಿಗೆ ನೆರವಾಗಿ ಹೋಗುತ್ತದೆ. ಇಷ್ಟೇ ಕೊಡಿ ಎಂದು ಶಾಲೆ ಯಾರನ್ನೂ ಕೇಳುವುದಿಲ್ಲ. ಕೊಡುವುದಾದರೆ, ಅದು ಯಾರಿಗೆ ಹೋಗುತ್ತದೆ ಎಂದು ಮಗುವಿಗೆ ತಿಳಿಸಿ ಕೊಡಿ.

ಹಣದ ಮಾತು ಅಲ್ಲಿಗೆ ಮುಗಿಯಿತು. ನಾನು ಈ ಪತ್ರ ಬರೆಯಲು ಕುಳಿತ ಕಾರಣ, ನಮ್ಮ ತರಗತಿಗಳಲ್ಲೇ ಕುಳಿತಿರುವ ಸೈನಿಕರ ಮಕ್ಕಳು.

ಅಪ್ಪ ಗಡಿಯಲ್ಲಿರುವ ಮನೆಯಲ್ಲಿ ತಾಯಿಯೇ ಗ್ಯಾಸ್‌ ಬುಕ್‌ ಮಾಡಬೇಕು, ಅತ್ತೆ ಮಾವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಶಾಲೆಯ ಸಭೆಗೂ ಬರಬೇಕು. ಗಡಿಯ ಸುದ್ದಿ ಟಿವಿಯಲ್ಲಿ ಬಂದ ದಿನ ಆ ಮಗು ಪಾಠದಲ್ಲಿ ಮನಸ್ಸಿಡುವುದಿಲ್ಲ. ಅಂಥ ದಿನಗಳಲ್ಲಿ ಖಚಿತವಲ್ಲದ ಸುದ್ದಿಗಳನ್ನು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಮಗೆ ಅದು ಸುದ್ದಿ, ಆ ತಾಯಿಗೆ ಜೀವವೇ ಬಾಯಿಗೆ ಬಂದಂತೆ. "ನಿಮ್ಮವರು ಈಗ ಎಲ್ಲಿದ್ದಾರೆ?" ಎಂದೂ ಕೇಳಬೇಡಿ. ಹೇಳಬಾರದ್ದನ್ನು ಹೇಳಲಾಗದೆ ಅವರು ಇಕ್ಕಟ್ಟಿಗೆ ಸಿಲುಕುತ್ತಾರೆ. ಬದಲಿಗೆ, ಪೇಟೆಗೆ ಹೊರಟಾಗ ಏನಾದರೂ ತರಬೇಕೇ ಎಂದು ಕೇಳಿ. ಸಂಜೆ ಮಗುವನ್ನು ನಿಮ್ಮ ಮಗುವಿನ ಜೊತೆಗೇ ಮನೆಗೆ ಕರೆತನ್ನಿ. ನನ್ನ ಲೆಕ್ಕದಲ್ಲಿ ವೇದಿಕೆಯ ಶಾಲು, ಹಾರಗಳಿಗಿಂತ ಇದು ದೊಡ್ಡ ಗೌರವ.

ಮಕ್ಕಳ ಮನಸ್ಸಿನಲ್ಲಿ ಸೈನಿಕನೆಂದರೆ ಬಂದೂಕು ಹಿಡಿದು ಓಡುವವನು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್‌ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕವೂ ಉಸಿರಾಡುತ್ತಿದ್ದರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಹತ್ತು ಮಂದಿಯಲ್ಲಿ ಒಬ್ಬರೂ ಶತ್ರುವಿನ ಗುಂಡಿಗೆ ಬಲಿಯಾದವರಲ್ಲ. ಚಳಿ, ಎತ್ತರ, ತಿಂಗಳುಗಟ್ಟಲೆ ಕಾಯುವುದು, ಇವೂ ಸೈನಿಕನ ಕೆಲಸವೇ. ಇದನ್ನು ಮನೆಯಲ್ಲಿ ಮಕ್ಕಳಿಗೆ ಹೇಳಿ.

ರಜೆಗೆ ಊರಿಗೆ ಬಂದ ಮಿಲಿಟರಿಯವರನ್ನು ಕಂಡ ಕೂಡಲೇ ಕೆಲವರ ಮೊದಲ ಮಾತು, "ಕ್ಯಾಂಟೀನಿಂದ ಏನು ತಂದ್ರಿ?" ಕ್ಯಾಂಟೀನ್ ಎಂದರೆ ಸೈನಿಕರಿಗೆ ಕಡಿಮೆ ದರದಲ್ಲಿ ಸಾಮಾನು ಸಿಗುವ ಮಿಲಿಟರಿ ಅಂಗಡಿ. ದಯವಿಟ್ಟು ಮಕ್ಕಳ ಎದುರು ಈ ಮಾತು ಬೇಡ. ಎದುರಿಲ್ಲದಾಗಲೂ ಬೇಡ. "ಎಷ್ಟು ಜನರನ್ನು ಹೊಡೆದಿರಿ?" ಎಂಬ ಪ್ರಶ್ನೆಯೂ ಬೇಡ. ಮಕ್ಕಳು ಅದನ್ನು ಕುತೂಹಲದಿಂದ ಕೇಳಿಬಿಡುತ್ತಾರೆ, ತಪ್ಪು ಅವರದಲ್ಲ, ಮೊದಲೇ ತಿಳಿಹೇಳುವುದು ದೊಡ್ಡವರ ಕೆಲಸ. ಅಲ್ಲಿ ಊಟ ಹೇಗಿರುತ್ತದೆ, ಜೊತೆಗಾರರು ಯಾವ ಯಾವ ರಾಜ್ಯದವರು, ಯಾವ ಭಾಷೆ ಕಲಿತಿರಿ ಎಂದು ಕೇಳಲಿ. ಅಂಥ ಮಾತಿಗೆ ಅವರೂ ಖುಷಿಯಿಂದ ಕುಳಿತುಕೊಳ್ಳುತ್ತಾರೆ.

ಇನ್ನೊಂದು. ಜವಾನರಲ್ಲಿ ಅನೇಕರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ, ಮನೆ ಸಾಗಿಸಲು ಮತ್ತೊಂದು ಕೆಲಸ ಹುಡುಕುತ್ತಾರೆ. ಬ್ಯಾಂಕಿನ, ಎಟಿಎಮ್ಮಿನ ಬಾಗಿಲಲ್ಲಿ ನಿಂತವರಲ್ಲಿ ಇಂಥವರು ಬಹಳ. ಅವರನ್ನು "ಏಯ್ ವಾಚ್‌ಮನ್" ಎನ್ನುವ ಮನೆಯ ಮಗು ಶಾಲೆಯಲ್ಲಿ ಎಷ್ಟು ಜೋರಾಗಿ "ಜೈ ಜವಾನ್" ಕೂಗಿದರೂ ನನಗೆ ಸಂತೋಷವಾಗುವುದಿಲ್ಲ. ಅವರು ಮಾಜಿ ಸೈನಿಕರೋ ಅಲ್ಲವೋ, "ಅಣ್ಣಾ", "ಸರ್" ಎನ್ನುವುದನ್ನು ಮಕ್ಕಳಿಗೆ ರೂಢಿ ಮಾಡಿಸಿ.

ಶಾಲೆಯ ಕಡೆಯಿಂದ ಈ ವರ್ಷ ಎರಡು ಕೆಲಸ ಮಾಡುತ್ತಿದ್ದೇವೆ. ಐದನೇ ತರಗತಿಯಿಂದ ಮೇಲಿನ ಮಕ್ಕಳು ನಮ್ಮ ಶಾಲೆಯ ಸೈನಿಕ ಪೋಷಕರಿಗೆ ಕೈಬರಹದ ಕಾಗದ ಬರೆಯುತ್ತಾರೆ. ಗಡಿ ಪ್ರದೇಶದಲ್ಲಿರುವವರ ವಿಳಾಸದಲ್ಲಿ ಊರಿನ ಹೆಸರೇ ಇರುವುದಿಲ್ಲ. ಹೆಸರು, ಹುದ್ದೆ, ಘಟಕ, ಪಿನ್‌ಕೋಡ್‌ ಜೊತೆಗೆ "56 ಎಪಿಒ" ಅಥವಾ "99 ಎಪಿಒ" (ಎಪಿಒ ಎಂದರೆ ಸೇನಾ ಅಂಚೆ ಕಚೇರಿ) ಎಂದು ಬರೆದರೆ ಸೇನಾ ಅಂಚೆಯವರು ತಲುಪಿಸುತ್ತಾರೆ. ಕಾಗದ ತರಿಸಿಕೊಳ್ಳಲು ಒಪ್ಪಿಗೆಯಿರುವ ಕುಟುಂಬಗಳು ವಿಳಾಸವನ್ನು ಮುಚ್ಚಿದ ಲಕೋಟೆಯಲ್ಲಿ ನನಗೇ ಕೊಡಿ, ಅದು ಬೇರೆ ಯಾರ ಕೈಗೂ ಹೋಗದು. ಮಗು ಏನು ಬರೆಯಬೇಕೆಂದು ನೀವು ಹೇಳಿಕೊಡಬೇಡಿ. ತಪ್ಪು ಅಕ್ಷರ ಇದ್ದರೂ ಇರಲಿ.

ಎರಡನೆಯದು, ಪೋಷಕರ ಸಭೆಗೆ ಬರಲಾಗದ ಸೈನಿಕ ತಂದೆ ಅಥವಾ ತಾಯಿಯ ಜೊತೆ ತರಗತಿ ಶಿಕ್ಷಕರು ಫೋನಿನಲ್ಲಿ ಮಾತಾಡುತ್ತಾರೆ. ನೆಟ್‌ವರ್ಕ್‌ ಸಿಗುವ ಹೊತ್ತನ್ನು ಮನೆಯವರು ಡೈರಿಯಲ್ಲಿ ಬರೆದು ಕಳಿಸಿ. ರಾತ್ರಿಯಾದರೂ ನಡೆಯುತ್ತದೆ, ಭಾನುವಾರವಾದರೂ ಸರಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ