ಮುಖವಾಡ ಕಾರ್ಯಾಗಾರ: ಶಿಕ್ಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಆರರಿಂದ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಜಗತ್ತಿನ ಮುಖವಾಡಗಳ ಕುರಿತ ಕಾರ್ಯಾಗಾರವು ಮುಂದಿನ ಶನಿವಾರ ಬೆಳಿಗ್ಗೆ 10 ಗಂಟೆಗೆ ಆರಂಭವಾಗಲಿದ್ದು, ಕಲೆ ಮತ್ತು ಇತಿಹಾಸ ಬೋಧಿಸುವವರೆಲ್ಲರೂ ಹಾಜರಿರಬೇಕೆಂದು ಕೋರುತ್ತೇನೆ.

ಮೊದಲಿಗೆ ಚಿತ್ರಗಳ ಮೂಲಕ ಪರಿಚಯ ಮಾಡಿಕೊಡೋಣ. ಈಜಿಪ್ಟಿನ ದೊರೆ ತುತಾಂಖಾಮನ್‌ನ ಚಿನ್ನದ ಮುಖವಾಡವನ್ನೂ ಪ್ರಾಚೀನ ಗ್ರೀಕ್ ರಂಗಭೂಮಿಯ ಮುಖವಾಡಗಳನ್ನೂ ಸಂಕ್ಷಿಪ್ತವಾಗಿ ತೋರಿಸಿದರೆ ಸಾಕು. ಹೆಚ್ಚಿನ ಸಮಯವನ್ನು ಜಪಾನಿನ ‘ನೋ’ ಎಂಬ ಸಾಂಪ್ರದಾಯಿಕ ನಾಟಕದ ಮುಖವಾಡಕ್ಕೆ ಮೀಸಲಿಡೋಣ: ಹಿನೋಕಿ ಮರದಲ್ಲಿ ಕೆತ್ತಿದ ಒಂದೇ ಮುಖವು, ನಟನು ತುಸು ಮೇಲೆತ್ತಿದಾಗ ನಕ್ಕಂತೆಯೂ ತಗ್ಗಿಸಿದಾಗ ದುಃಖಿಸಿದಂತೆಯೂ ಕಾಣುವುದನ್ನು ಮಕ್ಕಳು ಚಿತ್ರಗಳನ್ನು ಹೋಲಿಸಿ ತಾವೇ ಕಂಡುಕೊಳ್ಳಲಿ. ಮಾಲಿ ದೇಶದ ಡೋಗನ್ ಜನರ ಕನಗ ಮುಖವಾಡವು ಮೃತರಿಗೆ ಸಂಬಂಧಿಸಿದ ವಿಧಿಗೆ ಸೇರಿದ್ದಾದ್ದರಿಂದ, ಅದರ ಬಗ್ಗೆ ತಿಳಿಸೋಣ, ಆದರೆ ನಕಲು ಮಾಡಿಸುವುದು ಬೇಡವೆಂಬುದು ನನ್ನ ಅಭಿಪ್ರಾಯ.

ಅನಂತರ ತಯಾರಿಕೆ. ಊದಿದ ಬಲೂನಿನ ಮೇಲೆ, ಹಿಟ್ಟಿನ ಅಂಟಿನಲ್ಲಿ ಅದ್ದಿದ ಪತ್ರಿಕೆಯ ಪಟ್ಟಿಗಳನ್ನು ಮೂರು ನಾಲ್ಕು ಪದರವಾಗಿ ಅಂಟಿಸಬೇಕು. ಅವು ಪೂರ್ತಿ ಒಣಗದೆ ಬಲೂನು ಒಡೆದರೆ ಆಕಾರ ಕುಸಿಯುತ್ತದೆಯಾದ್ದರಿಂದ, ಕಣ್ಣು ಕೊರೆಯುವುದು ಹಾಗೂ ಬಣ್ಣ ಹಚ್ಚುವುದು ಮರುವಾರಕ್ಕೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾಗುವಾಗ ಬಿಸಿಯಾಗುವುದರಿಂದ, ಮಕ್ಕಳ ಮುಖದ ಮೇಲೆ ಅದರ ಅಚ್ಚು ತೆಗೆಯುವುದು ಖಂಡಿತ ಬೇಡ.

ಕತ್ತರಿ ಬಳಕೆಯ ಮೇಲ್ವಿಚಾರಣೆಗೆ ಇಬ್ಬರು ಬೇಕಾಗಿದ್ದಾರೆ. ಹಳೆಯ ಪತ್ರಿಕೆಗಳನ್ನು ಯಾರು ತರುವಿರಿ, ಮೇಲ್ವಿಚಾರಣೆಗೆ ಯಾರು ನಿಲ್ಲುವಿರಿ ಎಂಬುದನ್ನು ದಯವಿಟ್ಟು ಗುರುವಾರ ಸಂಜೆಯೊಳಗೆ ಇದೇ ಗುಂಪಿನಲ್ಲಿ ತಿಳಿಸಿ.